ತಿರುಗದ ಹರಿಗೋಲು

ಈ ಕಥೆ ನಡೆದಾಗ ತುಂಗಭದ್ರೆಗೆ ಇಷ್ಟೊಂದು ಸೇತುವೆಗಳಿರಲಿಲ್ಲ. ದಾಟಬೇಕೆಂದರೆ ಅಂಬಿಗನಿಗೆ ಕೂಗು ಹಾಕಬೇಕಿತ್ತು.

ಹೊಳೆಯ ನಡುವೆ ಬಂಡೆಗಳ ಒಂದು ನಡುಗಡ್ಡೆ. ಅಲ್ಲಿ ನೀಲವ್ವನ ಆಶ್ರಮ. ಆಶ್ರಮ ಎಂದರೆ ಕೆಲವು ಗುಡಿಸಲು, ಒಂದು ಬೇವಿನ ಮರ, ನೀರಿನಂಚಿಗೆ ಒಂದು ಅಗಲವಾದ ಚಪ್ಪಡಿ.

ಬೇರೆ ಗುರುಗಳು ಎಚ್ಚರವಾಗಿರುವುದನ್ನು ಕಲಿಸುತ್ತಾರೆ. ನೀಲವ್ವ ಮಲಗುವುದನ್ನು ಕಲಿಸುತ್ತಿದ್ದಳು. ಸುಲಭದ ವಿದ್ಯೆ ಎಂದುಕೊಂಡು ಸೋಮಾರಿಗಳೂ ಬರುತ್ತಿದ್ದರು. ಹೆಚ್ಚು ದಿನ ನಿಲ್ಲುತ್ತಿರಲಿಲ್ಲ.

ಅಲ್ಲಿನ ನಿಯಮ ಒಂದೇ. ಬೆಳಗ್ಗೆ ಎದ್ದವರು ಮುಖ ತೊಳೆಯುವ ಮೊದಲು ಚಪ್ಪಡಿಗೆ ಬಂದು, ಕಂಡ ಕನಸನ್ನು ಅವ್ವನಿಗೆ ಹೇಳಬೇಕು. ಕನಸಿಲ್ಲದವರು "ಇಲ್ಲ" ಎನ್ನಬೇಕು. ಆಮೇಲೆ ಮುಖಕ್ಕೆ ನೀರು.

ಹುಲುಗಪ್ಪ ಆ ಹೊಳೆಯ ಅಂಬಿಗ. ಬಿದಿರು ಹೆಣೆದು ತೊಗಲು ಹೊದಿಸಿದ ಅವನ ಹರಿಗೋಲು ದೊಡ್ಡ ಬುಟ್ಟಿಯ ಹಾಗೆ ದುಂಡಗಿತ್ತು. ಜನರನ್ನು ದಾಟಿಸುತ್ತಿದ್ದ. ಜನ ಬರಲಾಗದಿದ್ದರೆ ಅವರು ಕೊಟ್ಟ ಗಂಟನ್ನು ದಾಟಿಸುತ್ತಿದ್ದ. ಗಂಟಿನಲ್ಲಿ ಏನಿದೆ ಎಂದು ಅವನು ಬಿಚ್ಚಿ ನೋಡಿದವನಲ್ಲ. ಅವನಪ್ಪನೂ ನೋಡಿದವನಲ್ಲ. ಅಂಬಿಗರ ನೇಮ ಅದು.

ಒಂದು ಬೆಳಗ್ಗೆ ಭಕ್ತರನ್ನು ಇಳಿಸಿ, ತಾನೂ ಇಳಿದು, ಬಂದು ಅವ್ವನ ಮುಂದೆ ಕೂತ.

"ಅವ್ವಾರ, ನನಗೂ ನಿಮ್ಮ ವಿದ್ಯಾ ಕಲಸ್ರಿ."

"ಯಾಕಪ್ಪಾ, ನಿನಗೇನು ನಿದ್ದಿ ಬರವಲ್ದೇನು?"

"ನಿದ್ದಿ ಬರತೈತ್ರಿ. ಕನಸು ಬೀಳೂದಿಲ್ಲ."

"ಪುಣ್ಯವಂತ. ನಮ್ಮ ನಂಜುಂಡನ್ನ ಕೇಳು. ಅವಂಗ ಕನಸು ಬಿದ್ದು ಬಿದ್ದು ನಮಗೆಲ್ಲಾ ಸಾಕಾಗೇತಿ."

ಹುಲುಗಪ್ಪ ನಗಲಿಲ್ಲ.

"ನನ್ನ ಮಗಳು ಸುಂಕಿ ಜ್ವರ ಬಂದು ತೀರಿಹೋಗಿ ವರ್ಷ ಆತ್ರಿ. ಅವತ್ತಿಂದ ನಾ ನಕ್ಕಿಲ್ಲ. ಆದ್ರ ನಿದ್ದಿಯೊಳಗ ದಿನಾ ನಗ್ತೀನಂತ. ನನ್ನ ಹೆಂಡತಿ ಯಂಕವ್ವ ಹೇಳ್ತಾಳ."

"ನಕ್ರ ಆಕೀಗೇನು ತ್ರಾಸು?"

"ದಿನಾ ಮಗಳನ್ನ ನೋಡ್ತಿ, ನನಗ ಹೇಳೂದಿಲ್ಲ, ಬಚ್ಚಿಟ್ಕೊಂಡು ಒಬ್ಬನ ಉಣ್ಣಾಕತ್ತಿ ಅಂತಾಳ. ನನಗ ಏನೂ ನೆನಪಿಲ್ಲ ಅಂದ್ರ ನಂಬೂದಿಲ್ಲ. ಮಾತು ಬಿಟ್ಟಾಳ. ಈಗ ನಾ ನಿಮ್ಮ ದಂಡೀ ಮ್ಯಾಲ, ಹರಿಗೋಲು ಬೋರಲು ಹಾಕ್ಕೊಂಡು ಅದರ ಕೆಳಗ ಮಲಗ್ತೀನಿ."

ಅವ್ವ ನೀರಿನ ಕಡೆ ಕೈ ತೋರಿಸಿದಳು.

"ನಗ್ತಿ ಅಂದಮ್ಯಾಲ ಯಾರೋ ನಗಸಾಕತ್ತಾರ. ಕನಸು ಬೀಳವಲ್ದು ಅಂತಲ್ಲ ಹುಲುಗಪ್ಪ. ದಡಕ್ಕ ಮುಟ್ಟವಲ್ದು."

ಹುಲುಗಪ್ಪ ಶಿಷ್ಯನಾದ.

ದಿನವೂ ಬೆಳಗ್ಗೆ ಚಪ್ಪಡಿಗೆ ಬಂದು "ಇಲ್ರಿ" ಎನ್ನುತ್ತಿದ್ದ. ಅವನ ಪಕ್ಕದಲ್ಲೇ ನಂಜುಂಡ ಏಳು ಹೆಡೆಯ ಸರ್ಪ, ಬಂಗಾರದ ಅರಮನೆ, ಮಾತಾಡುವ ಆನೆ ಎಂದು ಬಿಡಿಸಿ ಬಿಡಿಸಿ ಹೇಳುತ್ತಿದ್ದ. ಮುಖ ತೊಳೆಯಲು ಕಾಯುತ್ತಿದ್ದವರು ಅಲ್ಲೇ ತೂಕಡಿಸುತ್ತಿದ್ದರು.

ಒಂದು ಬೆಳಗ್ಗೆ ಹುಲುಗಪ್ಪ ಹೇಳಿದ, "ಇವತ್ತು ಐತ್ರಿ."

"ಹೇಳು."

"ಬಿಳೀ ಹೂವಿನ ತೋಟ. ಸುಂಕಿ ನಿಂತಿದ್ದಳು. ನನ್ನ ನೋಡಿ ನಕ್ಕಳು. ಅಪ್ಪಾ ನಾ ಸುಖವಾಗಿದೀನಿ, ಅಳಬ್ಯಾಡ ಅಂದಳು."

ಕೇಳಿದವರು ಕಣ್ಣೊರೆಸಿಕೊಂಡರು. ನಂಜುಂಡನೂ ಒರೆಸಿಕೊಂಡ.

"ನಕ್ಕಳು," ಅಂದಳು ಅವ್ವ. "ಹಲ್ಲು ಹ್ಯಾಂಗಿದ್ದವು?"

"ಮುಂದಿಂದೊಂದು ಹಾಲುಹಲ್ಲು ಬಿದ್ದಿತ್ರಿ. ಹೋಗೂಕಿಂತ ಸ್ವಲ್ಪ ಮೊದಲ ಬಿದ್ದಿತ್ತು."

"ಎಡಕ್ಕೋ, ಬಲಕ್ಕೋ?"

ಹುಲುಗಪ್ಪನ ಬೆರಳು ತನ್ನ ಮುಂದಿನ ಹಲ್ಲಿಗೆ ಹೋಯಿತು.

"ಎಡಕ್ಕ... ಅಲ್ಲ. ಗೊತ್ತಿಲ್ರಿ ಅವ್ವಾರ. ತೋಟಾನೂ ಇರಲಿಲ್ಲ. ನಾನ ಕಟ್ಟಿ ಹೇಳಿದೆ." ಅವನು ತಲೆ ತಗ್ಗಿಸಿದ. "ಯಂಕವ್ವಗೂ ನೆನಪಿಲ್ಲ. ಒಂದಿನ ಎಡಕ್ಕ ಅಂತಾಳ, ಒಂದಿನ ಬಲಕ್ಕ ಅಂತಾಳ. ಅದಕ್ಕೂ ಜಗಳಾಡೀವಿ. ಇಬ್ಬರಿಗೂ ಆಕಿ ಮುಖ ಅಳಿಸಿ ಹೋಗಾಕತ್ತೈತ್ರಿ. ಉಸುಕಿನ ಮ್ಯಾಲಿನ ಹೆಜ್ಜಿ ಹೋದಂಗ."

ಅವ್ವ ಬೈಯಲಿಲ್ಲ.

"ನಾಳೆ ಏನೂ ಇರದಿದ್ರ ಇಲ್ಲ ಅನ್ನು," ಅಂದಳು. "ಖಾಲಿ ಹರಿಗೋಲಿನ್ಯಾಗ ಕೂಡಾಕ ಜಾಗಾ ಇರತೈತಿ."

ಅವತ್ತು ಮಧ್ಯಾಹ್ನ ಅವಳೇ ದಂಡೆಗೆ ಬಂದು ಹರಿಗೋಲು ಹತ್ತಿದಳು. "ಹೊಳಿಯೊಳಗ ಒಂದು ಸುತ್ತು ಹೊಡಿಸ್ಕೊಂಡು ಬಾ."

ಹುಲುಗಪ್ಪ ಸುತ್ತಿಸಿ ತಂದ. ಹರಿಗೋಲಿನ ಅಂಚು ದಡಕ್ಕೆ ತಾಗಿತು.

"ಈಗ ಹಾರಿ ಇಳಿ," ಅಂದಳು ಅವ್ವ.

"ನಾ ಹಾರಿದ್ರ ಹರಿಗೋಲು ಹಿಂದಕ್ಕ ಹೋಗತೈತ್ರಿ."

"ಹಾರು."

ಗುರುವಿನ ಮಾತು. ಹಾರಿದ. ಅವನ ಕಾಲಿನ ಒದೆತಕ್ಕೆ ಹರಿಗೋಲು ಸರ್ರನೆ ಹಿಂದೆ ಸರಿದು ಸೆಳವಿಗೆ ಬಿತ್ತು. ಅವ್ವ ಅದರೊಳಗೆ ಕಾಲು ಮಡಚಿಕೊಂಡು, ಸಂತೆಗೆ ಹೊರಟ ಕುಂಬಳಕಾಯಿಯ ಹಾಗೆ ಗಿರಗಿರ ತಿರುಗುತ್ತ ಹೋದಳು.

ಹುಲುಗಪ್ಪ ನೀರಿಗೆ ಬಿದ್ದು ಈಜಿ, ಹಿಡಿದು, ಏದುಸಿರು ಬಿಡುತ್ತ ಎಳೆದು ತಂದ.

ಅವ್ವನ ಸೆರಗೂ ಒದ್ದೆಯಾಗಿರಲಿಲ್ಲ. "ಬೆಳಗ್ಗೆ ಎಚ್ಚರ ಆದ ಕೂಡಲೇ ಏನು ಮಾಡ್ತಿ?" ಅಂತ ಕೇಳಿದಳು.

"ಎದ್ದು ಕೂಡ್ತೀನ್ರಿ. ಕೂಡಲೇ. ಅಂಬಿಗ ಅಲ್ಲೇನ್ರಿ, ಮಂದಿ ಕೂಗ್ತಾರ."

"ಹಾರಿ ಇಳೀತಿ. ನಿನ್ನ ಹರಿಗೋಲಿನೊಳಗ ಕೂತಾಕಿ ಎಲ್ಲಿಗೆ ಹೋದಳು?"

ಅವನು ಸೆಳವಿನ ಕಡೆ ತಿರುಗಿ ನೋಡಿದ.

"ಚಲೋ ಅಂಬಿಗ ದಡ ಮುಟ್ಟಿದಾಗ ಏನು ಮಾಡ್ತಾನ?"

"ಹುಟ್ಟು ನೆಲಕ್ಕ ಊರಿ ಅಲ್ಲಾಡದಂಗ ಕೂಡ್ತಾನ್ರಿ. ಕಡೀಗೆ ಹತ್ತಿದವರು ಮೊದಲು ಇಳೀತಾರ. ಅವರ ಹಿಂದ ಒಬ್ಬೊಬ್ಬರ."

"ನಾಳೆ ಹಾಂಗ ಏಳು."

ಮರುದಿನ ಹುಲುಗಪ್ಪನಿಗೆ ಎಚ್ಚರವಾಯಿತು. ಕಣ್ಣು ಬಿಡಲಿಲ್ಲ. ಮಗ್ಗುಲಾಗಲಿಲ್ಲ. ಆಚೆ ದಡದಿಂದ ಯಾರೋ ಕೂಗಿದರು; ಕೂಗಲಿ ಎಂದು ಬಿಟ್ಟ. ಬಿದ್ದಲ್ಲೇ ಬಿದ್ದುಕೊಂಡು ಕಾದ.

ಬಹಳ ಹೊತ್ತಿಗೆ ಏನೋ ಒಂದು ಇಳಿಯಿತು.

ಚಪ್ಪಡಿಗೆ ಬಂದು ಹೇಳಿದ, "ಒಂದು ಹುಣಸೀ ಬೀಜ ಅವ್ವಾರ. ನನ್ನ ಅಂಗೈಯೊಳಗ ಇತ್ತು. ಅಷ್ಟ."

ನಂಜುಂಡ ಕಿಸಕ್ಕೆಂದ. "ನಾವು ಅರಮನಿ ತರ್ತೀವಿ, ನಮ್ಮ ಅಂಬಿಗ ಬೀಜ ತಂದಾನ."

ಅವ್ವ ಎದ್ದು ನಿಂತಳು. ನಂಜುಂಡನ ಅರಮನೆಗೆ ಅವಳು ಒಂದು ದಿನವೂ ಎದ್ದವಳಲ್ಲ.

"ದಾರಿ ಬಿಡ್ರಿ," ಅಂದಳು ಉಳಿದವರಿಗೆ. "ಅವ ಮುಖಾ ತೊಳ್ಕೊಳ್ಲಿ."

ಅಂದಿನಿಂದ ಒಂದೊಂದಾಗಿ ಬಂದವು. ಬೀಜ ಹಿಡಿದ ಒಂದು ಸಣ್ಣ ಕೈ. ಹಸಿರು ಲಂಗದ ಅಂಚಿನಲ್ಲಿ ಬಿಚ್ಚಿದ ಹೊಲಿಗೆ. ಹರಿಗೋಲಿನ ಬಿದಿರಿನ ಮೇಲೆ ಒರಗಿದ ಮೊಣಕಾಲು, ಅದರ ಮೇಲೊಂದು ಗಾಯದ ಹಕ್ಕಳೆ. ಕನಸಿನಲ್ಲಿ ಅವನು ಯಾವಾಗಲೂ ಹೊಳೆಯ ಮೇಲೇ ಇರುತ್ತಿದ್ದ. ಮುಖ ಮಾತ್ರ ಬರಲಿಲ್ಲ.

"ಬಾಲಾ ಸಿಗತೈತಿ, ತಲಿ ಸಿಗವಲ್ದು," ಅಂದ. "ಅಲ್ಲಿದ್ದಾಗ, ಇದು ಕನಸು ಅಂತ ನನಗ ತಿಳೀಬೇಕ್ರಿ. ತಿಳಿದ್ರ ಎದುರಿಗೆ ಯಾರದಾರ ಅಂತ ನೋಡೇ ನೋಡ್ತೀನಿ."

"ನಿನ್ನ ಹರಿಗೋಲು ನೀರಿನ ಮ್ಯಾಲ ತಿರುಗತೈತೇನು?"

"ತಿರುಗದ ಇರತೈತೇನ್ರಿ? ಗುಂಡಗಿರೂದಕ್ಕ ಮುಂದ್ಯಾವುದು, ಹಿಂದ್ಯಾವುದು? ಒಂದು ಹುಟ್ಟಿನ ಮ್ಯಾಲ ನಡೀತೈತಿ. ಎಂಥಾ ಅಂಬಿಗ ಇದ್ರೂ ಸ್ವಲ್ಪರೆ ತಿರುಗತೈತಿ."

"ಕನಸಿನೊಳಗ ತಿರುಗೂದಿಲ್ಲ," ಅಂದಳು ಅವ್ವ. "ಹಗಲು ದಾಟಿದಾಗೆಲ್ಲಾ ಕೇಳ್ಕೋ, ತಿರುಗತೈತೇನು ಅಂತ. ಬಾಯಿಲೆ ಅಲ್ಲ. ಖರೇನ ನೋಡು."

ಹುಲುಗಪ್ಪ ನೋಡತೊಡಗಿದ. ಪ್ರತಿ ಸಲವೂ ನಡುಹೊಳೆಯಲ್ಲಿ ಹುಟ್ಟು ತಡೆದು, ದಡದ ಮರಗಳನ್ನು ದಿಟ್ಟಿಸಿ ತನ್ನಷ್ಟಕ್ಕೆ ಕೇಳುತ್ತಿದ್ದ, "ತಿರುಗತೈತೇನು?"

ಮೊಸರು ಮಾರುವ ದ್ಯಾಮಕ್ಕ ಒಂದು ದಿನ ತಾಳಲಾರದೆ ಹೇಳಿದಳು, "ತಿರುಗತೈತೋ ಎಪ್ಪಾ. ಅದರ ಕೂಡ ನನ್ನ ಹೊಟ್ಟೀನೂ ತಿರುಗತೈತಿ. ಲಗೂ ದಾಟಸು."

ಇಳಿಯುವಾಗ ಅವನ ಕೈಗೆ ಒಂದು ಬುತ್ತಿ ಗಂಟು ಕೊಟ್ಟಳು. ಯಂಕವ್ವ ಕಳಿಸಿದ್ದು. ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಮಾತು ಬಿಟ್ಟಿದ್ದಳು, ಬುತ್ತಿ ಬಿಟ್ಟಿರಲಿಲ್ಲ.

"ಏನರೆ ಹೇಳಿ ಕಳಿಸ್ಯಾಳೇನು?" ಅಂತ ಕೇಳಿದ.

"ಇಲ್ಲ. ಹೊಳೀ ಕಡೆ ನೋಡಿದಳು. ಒಳಗ ಹೋದಳು."

ಕೆಲವು ದಿನಗಳ ಮೇಲೆ ಹುಲುಗಪ್ಪ ಚಪ್ಪಡಿಗೆ ಓಡಿ ಬಂದ.

"ಅವ್ವಾರ, ರಾತ್ರಿ ನೆಟ್ಟಗ ಹೊಂಟಿತ್ರಿ. ಹರಿಗೋಲು. ಎಳೆದ ಗೆರಿ ಹಾಂಗ."

"ಆವಾಗ ಏನನಿಸಿತು?"

ಹುಲುಗಪ್ಪ ತಲೆ ಕೆರೆದುಕೊಂಡ. "ಇವತ್ತು ಭಾಳ ಚಲೋ ಹುಟ್ಟು ಹಾಕಾಕತ್ತೀನಿ ಅನಿಸ್ತು. ನಮ್ಮಪ್ಪನ ಕೈಲೂ ಹಿಂಗ ಆಗಿದ್ದಿಲ್ಲ ಅಂದ್ಕೊಂಡೆ."

ಅವ್ವ ನಕ್ಕಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನಂಜುಂಡ ಯಾಕೋ ನಗಲಿಲ್ಲ. ತನ್ನ ಅರಮನೆಗಳನ್ನು ನೆನೆಯುತ್ತಿದ್ದನೇನೋ.

"ಬಾಗಲಾ ತೆಗದು ಬಾರಪಾ ಒಳಗ ಅಂತ ಕರದ್ರ, ಹೊಸ್ತಿಲ ಮ್ಯಾಲ ನಿಂತು ಮೀಸಿ ತಿರುವಿ ಬಂದಿ."

"ಮತ್ತ ಹ್ಯಾಂಗ ಮಾಡ್ಲಿ?"

"ನೆಟ್ಟಗ ಹೊಂಟಾಗ ಹುಟ್ಟು ಮ್ಯಾಲಕ್ಕೆತ್ತು. ಯಾರು ನಡಸಾಕತ್ತಾರ ಅಂತ ನೋಡು."

ಮುಂದಿನ ಸಲ ಅವನು ಎತ್ತಿದ.

ಹುಟ್ಟು ನೀರಿನಿಂದ ಮೇಲೆ ಬಂತು. ಹರಿಗೋಲು ನಿಲ್ಲಲಿಲ್ಲ. ಯಾರೂ ನಡೆಸುತ್ತಿರಲಿಲ್ಲ, ಆದರೂ ಹೋಗುತ್ತಿತ್ತು. ಹುಲುಗಪ್ಪನಿಗೆ ತಿಳಿಯಿತು. ತಿಳಿದ ಕೂಡಲೇ ಹೊಳೆಯೆಲ್ಲ ಒಳಗಿನಿಂದ ದೀಪ ಹಚ್ಚಿದಂತಾಯಿತು. ತಳದ ಒಂದೊಂದು ಹರಳೂ ಕಂಡಿತು. ಅವನು ಕೂಗುತ್ತ ಎದ್ದು ನಿಂತ.

ಎದ್ದು ನಿಂತದ್ದು ಬೋರಲು ಹಾಕಿದ ಹರಿಗೋಲಿನ ಕೆಳಗೆ. ತಲೆಗೆ ಬಿದಿರು ಬಡಿಯಿತು.

ಚಪ್ಪಡಿಯ ಮೇಲೆ ಅವ್ವ ಅವನ ಹಣೆಯ ಬುಗುಟನ್ನು ನೋಡಿದಳು.

"ನಿಂತ್ಯಾ?"

"ನಿಂತೆ."

"ಹರಿಗೋಲಿನೊಳಗ?"

"ಹೂಂರಿ."

"ಅಂಬಿಗನ ಮಗ," ಅಂದಳು. "ನಿಮ್ಮಪ್ಪ ಕೇಳಿದ್ರ ಹೊಳಿಗೆ ಹಾರತಿದ್ದ."

"ತಡಕೊಳ್ಳಾಕ ಆಗಲಿಲ್ರಿ. ಅಷ್ಟು ಬೆಳಕಿತ್ತು."

"ಬೆಳಕು ಬಂದ್ರ ಕೂಡು. ಅಂಗೈ ಹರಿಗೋಲಿನ ತೊಗಲಿನ ಮ್ಯಾಲ ಇಡು, ಒತ್ತಿ ಇಡು. ಏನೂ ಹಿಡೀಬ್ಯಾಡ, ಯಾರನ್ನೂ ಕರೀಬ್ಯಾಡ. ಸಂತೋಷಕ್ಕೂ ಕೂಡಾಕ ಒಂದು ಜಾಗಾ ಕೊಡು. ಅದು ನಿಂತ್ರೂ ಹರಿಗೋಲು ಮಗಚತೈತಿ."

ಆಮೇಲೆ ಬಹಳ ದಿನ ಏನೂ ಆಗಲಿಲ್ಲ. ಹುಲುಗಪ್ಪ ಚಪ್ಪಡಿಗೆ ಬಂದು "ಇಲ್ರಿ" ಎನ್ನುತ್ತಿದ್ದ. ಹಗಲು ದಾಟಿಸುತ್ತಿದ್ದ, ಮರಗಳನ್ನು ನೋಡುತ್ತಿದ್ದ, ಕೇಳಿಕೊಳ್ಳುತ್ತಿದ್ದ. ಈಗ ದ್ಯಾಮಕ್ಕನೇ ಹತ್ತಿದ ಕೂಡಲೇ ಹೇಳಿಬಿಡುತ್ತಿದ್ದಳು, "ತಿರುಗತೈತಿ, ನಡಿ."

ಒಂದು ಬೆಳಗ್ಗೆ ಅವನು ಚಪ್ಪಡಿಗೆ ಬರಲಿಲ್ಲ.

ಎಲ್ಲರೂ ಹೇಳಿ ಮುಗಿಸಿದರು. ಬಿಸಿಲು ಬೇವಿನ ಬುಡಕ್ಕೆ ಬಂತು. ಆಚೆ ದಡದಲ್ಲಿ ಜನ ಕೂಗಿ ಕೂಗಿ ಕೂತರು. ಅವ್ವ ಎದ್ದು ದಂಡೆಗೆ ಹೋದಳು.

ಹರಿಗೋಲು ಆಮೆಯ ಹಾಗೆ ಬೋರಲು ಬಿದ್ದಿತ್ತು. ಅವ್ವ ಅದರ ಪಕ್ಕ ಉಸುಕಿನಲ್ಲಿ ಕೂತಳು.

"ಅವ್ವಾರೇನ್ರಿ?" ಒಳಗಿನಿಂದ ದನಿ ಬಂತು. ಹುಲುಗಪ್ಪ ಅಲುಗಿರಲಿಲ್ಲ. ಕಣ್ಣೀರು ಕಿವಿಗೆ ಇಳಿದಿರಬೇಕು, ಒರೆಸಿಕೊಂಡಿರಲಿಲ್ಲ.

"ನಾನ. ಅವಸರಿಲ್ಲ. ಒಬ್ಬೊಬ್ಬರನ್ನ ಇಳಸು."

"ಎಲ್ಲಾರೂ ಇಳದಾರ್ರಿ," ಅಂದ. ಆಮೇಲೆ ಹೇಳತೊಡಗಿದ.

"ಹರಿಗೋಲು ನೆಟ್ಟಗ ಹೊಂಟಿತ್ತು. ಹುಟ್ಟು ಎತ್ತಿದೆ. ಹುಟ್ಟಿನ ಹನಿ ಕೆಳಗ ಬೀಳಲಿಲ್ಲ ಅವ್ವಾರ. ಗಾಳಿಯೊಳಗ ಹಾಂಗ ನಿಂತವು. ಒಂದೊಂದು ಹನಿಯೊಳಗೂ ಒಂದೊಂದು ಹೊಳಿ ಇತ್ತು. ಎದಿ ಹೊಡಕೊಂಡ್ತು. ಕೂತೆ. ಅಂಗೈ ತೊಗಲಿನ ಮ್ಯಾಲ ಇಟ್ಟೆ. ತೊಗಲು ಬೆಚ್ಚಗಿತ್ರಿ. ಉಸಿರಾಡ್ತಿತ್ತು, ಎತ್ತಿನ ಹೊಟ್ಟಿ ಹಾಂಗ. ಇದು ಕನಸು ಅಂತ ಅಂದೆ. ಮೆಲ್ಲಕ ಅಂದೆ, ಮಲಗಿದ ಕೂಸು ಏಳಬಾರದು ಅನ್ನೂವಂಗ."

ಅವ್ವ ಹರಿಗೋಲಿಗೆ ಕಿವಿ ಹಚ್ಚಿದಳು.

"ತಲಿ ಎತ್ತಿದೆ. ಎದುರಿಗೇ ಕೂತಿದ್ದಳು. ಹೊಸದಾಗಿ ಬಂದು ಕೂತದ್ದಲ್ರಿ. ಮೊದಲಿಂದ ಅಲ್ಲೇ ಕೂತಿದ್ದಳು. ನಾನ ನೀರು ನೋಡ್ಕೊಂತ ಇದ್ದೆ. ಮಡಿಲೊಳಗ ಹುಣಸೀ ಬೀಜ ಹಾಕ್ಕೊಂಡು ಆಡಾಕತ್ತಿದ್ದಳು. ನನ್ನ ನೋಡಿ ಕೇಳಿದಳು, ಇವತ್ತು ಗೊತ್ತಾತೇನಪ್ಪಾ ಅಂತ."

ಒಳಗೆ ಅವನು ಮೂಗು ಸೆಳೆದದ್ದು ಕೇಳಿಸಿತು.

"ದಿನಾ ಬರ್ತಿ ಅಂದಳ್ರಿ. ದಿನಾ ಬರ್ತಿ, ದಿನಾ ಹೊಸಬನಂಗ ನೋಡ್ತಿ. ನಾನ ಹೇಳಬೇಕು, ಅಪ್ಪಾ ನಾನು ಸುಂಕಿ ಅಂತ. ಆಮ್ಯಾಲ ನೀ ನಗ್ತಿ ಅಂದಳು."

ಅವ್ವ ಬೋರಲು ಹರಿಗೋಲಿನ ಬೆನ್ನ ಮೇಲೆ ಅಂಗೈ ಇಟ್ಟಳು.

"ಹಲ್ಲು ನೋಡಿದ್ಯಾ?" ಅಂತ ಕೇಳಿದಳು.

"ನೋಡಿದೆ."

"ಎಡಕ್ಕೋ, ಬಲಕ್ಕೋ?"

"ಬಂದಿದ್ದವ್ರಿ." ಹುಲುಗಪ್ಪನ ದನಿ ತೀರ ಸಣ್ಣದಾಯಿತು. "ಮುಂದಿನವು ಎರಡೂ ಹೊಸಾ ಹಲ್ಲು. ದೊಡ್ಡವು. ಅಂಚು ಇನ್ನೂ ಗರಗಸದಂಗ ಇತ್ತು. ಯಾವ ಕಡೆ ಬಿದ್ದಿತ್ತು ಅಂತ ಈಗ ಯಾರಿಗೂ ಗುರ್ತು ಸಿಗೂದಿಲ್ಲ. ಆಕಿ ಬೆಳದಾಳ ಅವ್ವಾರ. ಒಂದು ವರ್ಷ ಬೆಳದಾಳ."

ಅವ್ವ ಕಣ್ಣು ಮುಚ್ಚಿಕೊಂಡಳು. ಇಷ್ಟು ವರ್ಷಗಳಲ್ಲಿ ಅವಳ ಚಪ್ಪಡಿಯ ಮೇಲೆ ಯಾರೂ ಇಂಥದ್ದನ್ನು ಇಳಿಸಿರಲಿಲ್ಲ.

"ಮುಟ್ಟಿದ್ಯಾ?"

"ಇಲ್ರಿ. ಕೈ ತೊಗಲಿನ ಮ್ಯಾಲ ಇಟ್ಟಿದ್ದೆ. ತಗೀಲಿಲ್ಲ. ಆಕಿ ತಾನ ಸರಿದು ಬಂದು ನನ್ನ ಬಲಗೈ ಹೊರಳಿಸಿ ಒಂದು ಬೀಜ ಇಟ್ಟಳು. ಬೆರಳು ಒಂದೊಂದಾಗಿ ಮಡಚಿದಳು. ಇದು ನಮ್ಮವ್ವಗ ಅಂದಳು. ದಿನಾ ಕೊಟ್ಟು ಕಳಸ್ತೀನಿ, ನೀ ಒಂದು ದಿನಾನೂ ಮುಟ್ಟಸೂದಿಲ್ಲ ಅಂದಳು."

ಅವ್ವ ಹರಿಗೋಲಿನ ಅಂಚು ಹಿಡಿದು ಎತ್ತಿದಳು. ಬೆಳಕು ಒಳಗೆ ಹೋಯಿತು. ಹುಲುಗಪ್ಪ ಮೆಲ್ಲಗೆ ಎದ್ದು ಹೊರಗೆ ಬಂದ. ಅವನ ಬಲಗೈ ಮುಷ್ಟಿ ಕಟ್ಟಿತ್ತು. ಬೆರಳ ಗೆಣ್ಣುಗಳು ಬೆಳ್ಳಗಾಗಿದ್ದವು.

ಅಭ್ಯಾಸದಂತೆ ಮುಖ ತೊಳೆಯಲು ನೀರಿನ ಕಡೆಗೆ ತಿರುಗಿದ. ಅವ್ವ ಅಡ್ಡ ನಿಂತಳು.

"ಇವತ್ತು ಬ್ಯಾಡ. ಇನ್ನೂ ಒಬ್ಬರಿಗೆ ಹೇಳೂದೈತಿ."

ಅವಳೇ ಹರಿಗೋಲನ್ನು ನೀರಿಗೆ ನೂಕಿದಳು. ಹತ್ತಿ ಕೂತು ಹುಟ್ಟು ಕೈಗೆ ತಗೊಂಡಳು.

"ನೀವು ಯಾಕ್ರಿ? ನಾ ಹಾಕ್ತೀನಿ."

"ಒಂದು ಕೈಲೆ ಹಾಕ್ತಿ ಏನು? ಕೂಡು. ನನ್ನ ಕೈಯಾಗ ಭಾಳ ತಿರುಗತೈತಿ, ಅಂಜಬ್ಯಾಡ."

ಭಾಳ ತಿರುಗಿತು. ಬೇವಿನ ಮರ ಬಂತು, ಹೋಯಿತು. ಚಪ್ಪಡಿಯ ಮೇಲೆ ಬಾಯಿ ತೆರೆದು ನಿಂತ ನಂಜುಂಡ ಬಂದ, ಹೋದ. ಆಚೆ ದಡ ಬಂತು. ಅಲ್ಲಿ ಕೊಡ ತುಂಬಿಸುತ್ತಿದ್ದ ಒಬ್ಬ ಹೆಂಗಸು, ಅವ್ವ ಹುಟ್ಟು ಹಾಕುತ್ತಿರುವುದನ್ನೂ ಅಂಬಿಗ ಸುಮ್ಮನೆ ಕೂತಿರುವುದನ್ನೂ ನೋಡಿ, ಕೊಡವನ್ನು ನೀರಲ್ಲೇ ಬಿಟ್ಟು ನೆಟ್ಟಗೆ ನಿಂತಳು. ಯಂಕವ್ವ.

ಹುಲುಗಪ್ಪ ತನ್ನ ಮುಷ್ಟಿಯನ್ನು ನೋಡಿಕೊಂಡ.

"ಅವ್ವಾರ," ಅಂದ. "ಆಕಿ ಖರೇನ ಸುಂಕಿ ಏನು, ಇಲ್ಲಾ ನನ್ನ ಮನಸೇನು? ಕೈ ಬಿಚ್ಚಿದ್ರ ಒಳಗ ಏನರೆ ಇರತೈತೇನ್ರಿ?"

ಹರಿಗೋಲು ಇನ್ನೊಂದು ಸುತ್ತು ತಿರುಗಿತು. ಅವ್ವ ಹುಟ್ಟನ್ನು ನೆಲಕ್ಕೆ ಊರಿ, ಅಲ್ಲಾಡದ ಹಾಗೆ ಹಿಡಿದಳು.

"ಅಂಬಿಗ ಗಂಟು ಬಿಚ್ಚಿ ನೋಡೂದಿಲ್ಲ ಹುಲುಗಪ್ಪ. ಯಾರದೈತೋ ಅವರಿಗೆ ಮುಟ್ಟಸ್ತಾನ."